ಸಮುದಾಯಕ್ಕೆ ಹೆಗಲು ಕೊಟ್ಟ ಮಂದಕ್ಕ

ಮಂದಕ್ಕ ಎಂದರೆ ನನ್ನ ಕಣ್ಣಿಗೆ ಮೊದಲು ಬರುವುದು ಆಟೋದಲ್ಲಿ ಕೂತ ಮಂದಕ್ಕ, ಮತ್ತು ಅವರ ಮಡಿಲಲ್ಲಿ ಮಲಗಿದ್ದ ಯಾರದೋ ಒಂದು ಕಾಲು. ತೊಡೆಯಿಂದ ಹಿಮ್ಮಡಿಯವರೆಗಿನ ಇಡೀ ಎಡಗಾಲು, ಪ್ಲಾಸ್ಟರಿನದು. ಬಿಚ್ಚುವಾಗ ಎರಡು ಸೀಳಾಗಿದ್ದನ್ನು ಮತ್ತೆ ಜೋಡಿಸಿ ತಮ್ಮ ದುಪಟ್ಟಾದಿಂದ ಬಿಗಿಯಾಗಿ ಕಟ್ಟಿದ್ದರು. ಕಾಲು ಉದ್ದವಾಗಿದ್ದರಿಂದ ಪಾದ ಆಟೋದ ಹೊರಗೆ ಚಾಚಿಕೊಂಡು, ಚೆನ್ನೈಯ ಪೋರೂರಿನ ಟ್ರಾಫಿಕ್ಕಿಗೆ ದಾರಿ ಬಿಡಿ ಎಂದು ಹೇಳುವಂತಿತ್ತು.

ಆ ಕಾಲಿನ ಒಡೆಯ ಶೋಳಿಂಗನಲ್ಲೂರಿನ ಆಫೀಸಿಗೆ ಬೈಕಿನಲ್ಲಿ ಹೋಗುವಾಗ ಬಿದ್ದ ಹುಡುಗ. ಪ್ಲಾಸ್ಟರಿನ ತುಂಬ ಅವನ ಗೆಳೆಯರು ಬರೆದ ಶುಭಾಶಯಗಳಿದ್ದವು, ಒಂದೆರಡು ಬೈಗುಳಗಳೂ ಇದ್ದವು. ಪ್ಲಾಸ್ಟರು ಬಿಚ್ಚಿಸಿಕೊಂಡು ಹೊರಬಂದವನನ್ನು ಮಂದಕ್ಕ ಕಾರಿಡಾರಿನಲ್ಲಿ ತಡೆದು, ನಿಮ್ಮ ಹಳೆಯ ಕಾಲು ನನಗೆ ಬೇಕಿತ್ತು, ಕೊಡುತ್ತೀರಾ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಅವನು ಗಾಬರಿಯಲ್ಲಿ ಕೊಟ್ಟುಬಿಟ್ಟ. ಇಂಥದ್ದೆಲ್ಲ ಹಳದಿ ಚೀಲಕ್ಕೆ ಹೋಗಬೇಕಾದ ಆಸ್ಪತ್ರೆ ಕಸ ಎಂದು ನಾನು ಹೇಳುವಷ್ಟರಲ್ಲಿ ಆಟೋ ಹೊರಟಿತ್ತು. ಇದು ಯಾರ ಕಾಲು ಎಂದು ಆಟೋದವನು ಕೇಳಿದನಂತೆ. ಇನ್ನೂ ಗೊತ್ತಿಲ್ಲ, ಮನೆಗೆ ಹೋಗಿ ನೋಡಬೇಕು ಅಂದರಂತೆ.

ನಾನು ಪೋರೂರಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಮೈಸೂರಿನಿಂದ ಮದುವೆಯಾಗಿ ಇಲ್ಲಿಗೆ ಬಂದವಳು. ಕೆಲಸದಲ್ಲಿ ದಿನವಿಡೀ ತಮಿಳು. ಮನೆಯಲ್ಲಿ ಮಗಳನ್ನು ಕನ್ನಡದಲ್ಲಿ ಕರೆದರೆ ಅವಳು ತಮಿಳಿನಲ್ಲಿ ಬರುತ್ತಾಳೆ. ಮಂದಕ್ಕ ನನ್ನ ಬಳಿಗೆ ಬಂದದ್ದು ಬಲಗೈ ಹೆಗಲು ಹಿಡಿದುಕೊಂಡು ಮೇಲೇಳದೆ ಹೋದಾಗ. ಅರವತ್ತರ ಹತ್ತಿರದ ವಯಸ್ಸು, ಗಂಡಸರಂತೆ ಕತ್ತರಿಸಿದ ಬಿಳಿ ಕೂದಲು, ಬಣ್ಣ ಮೆತ್ತಿದ ಖಾದಿ ಜುಬ್ಬ. ನಾನು ತಮಿಳಿನಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು. ಫೈಲಿನಲ್ಲಿ ಮಂದಾಕಿನಿ ಎಂದಿತ್ತು, ಅಷ್ಟೇ. ಸರಿ, ಮೊದಲ ದಿನದ ಶಾಸ್ತ್ರದಂತೆ ಅವರ ಕೈಯನ್ನು ಮೆಲ್ಲಗೆ ಎತ್ತಿ ತುಸು ಹಿಂದಕ್ಕೆ ತಿರುಗಿಸಿದೆ.

"ಅಯ್ಯೋ ಸತ್ತೇ ಹೋದೆ ಮಾರಾಯ್ತಿ" ಅಂದರು.

ನೋವಿಗೆ ಮಾತೃಭಾಷೆ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ನನ್ನ ವೃತ್ತಿಯಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. "ಇನ್ನೊಂದ್ ಸ್ವಲ್ಪ ತಡ್ಕೊಳ್ಳಿ, ಆಗೋಯ್ತು" ಎಂದು ನಾನು ಕನ್ನಡದಲ್ಲಿ ಅಂದೆ. ಅವರು ನೋವು ಮರೆತು ನನ್ನ ಮುಖ ನೋಡಿದರು. ಮರುದಿನದಿಂದ ನಾನು ಸುಮಾ, ಅವರು ಮಂದಕ್ಕ.

ಅವರ ತಂದೆ ಉಡುಪಿ ಕಡೆಯಿಂದ ಬಂದು ಮೈಲಾಪುರದಲ್ಲಿ ಸಸ್ಯಾಹಾರಿ ಹೋಟೆಲು ಮಾಡಿದವರು. ಮಂದಕ್ಕ ಆ ಹೋಟೆಲಿನ ಮಹಡಿಯ ಮೇಲೆ, ಸಾಂಬಾರಿನ ಆವಿಯಲ್ಲಿ ಬೆಳೆದರು. ಹೋಟೆಲಿನ ಲೆಕ್ಕ ನೋಡಿಕೊಳ್ಳಲಿ ಎಂದು ಕಾಮರ್ಸ್ ಓದಿಸಿದರೆ ಇವರು ಚಿತ್ರಕಲಾ ಶಾಲೆ ಸೇರಿದರು. ಅಲ್ಲಿಂದ ವಿದ್ಯಾರ್ಥಿವೇತನ ಹಿಡಿದು ಉತ್ತರದ ಯಾವುದೋ ತಣ್ಣನೆಯ ದೇಶಕ್ಕೆ ಹೋದವರು, ಅಲ್ಲೇ ಕಲಾ ಕಾಲೇಜಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಪಾಠ ಮಾಡಿದರು. ಆ ದೇಶದ ಹೆಸರನ್ನು ಅವರು ಹೇಳುತ್ತಿರಲಿಲ್ಲ; 'ಫ್ರಿಜ್ಜು' ಎನ್ನುತ್ತಿದ್ದರು. ನಾನು ಫ್ರಿಜ್ಜಿನಲ್ಲಿ ಇದ್ದಾಗ ಹೀಗಾಯಿತು, ಫ್ರಿಜ್ಜಿನವರು ಹಾಗಂದರು, ಹೀಗೆ. ಕೆಡದೆ ಉಳಿದದ್ದು ಅದರಿಂದಲೇ ಎಂದೂ ಸೇರಿಸುತ್ತಿದ್ದರು.

ಅವರ ವಿಷಯ ಮಿಕ್ಸ್ಡ್ ಮೀಡಿಯಾ. ಹಾಗೆಂದರೇನು ಎಂದು ನಾನು ಕೇಳಿದಾಗ ಪಾಠ ಮಾಡಲಿಲ್ಲ. "ಎಂತದೂ ಇಲ್ಲ. ಹೋಟೆಲಿನಲ್ಲಿ ನಿನ್ನೆಯ ಇಡ್ಲಿ ಉಳಿದ್ರೆ ಇವತ್ತು ಉಪ್ಪಿಟ್ಟು. ಇವತ್ತಿನ ಪಲ್ಯ ಉಳಿದ್ರೆ ನಾಳೆ ಬೋಂಡ. ನಮ್ಮಪ್ಪ ಹೆಸರು ಬದಲು ಮಾಡಿ ತಟ್ಟೆಗೆ ಹಾಕ್ತಿದ್ರು, ನಾನು ಗೋಡೆಗೆ ಹಾಕ್ತೇನೆ" ಅಂದರು. ಬಟ್ಟೆ, ತಗಡು, ಹಳೆಯ ಪತ್ರಿಕೆ, ಬಾಳೆನಾರು, ಬಾಟಲಿ ಮುಚ್ಚಳ, ಯಾವುದನ್ನೂ ಅವರು ಬಿಟ್ಟವರಲ್ಲ. ಅವರ ಜೊತೆ ರಸ್ತೆಯಲ್ಲಿ ನಡೆಯುವುದು ಚಿಕ್ಕ ಮಕ್ಕಳ ಜೊತೆ ನಡೆದಂತೆ, ಪ್ರತಿ ಕಸದ ರಾಶಿಯ ಬಳಿಯೂ ನಿಲ್ಲಬೇಕು. ಫ್ರಿಜ್ಜಿನಲ್ಲಿ ಈ ಕೃತಿಗಳನ್ನು ದೊಡ್ಡ ದೊಡ್ಡ ಗ್ಯಾಲರಿಗಳಲ್ಲಿ ತೂಗುಹಾಕಿ, ಮುಟ್ಟಬೇಡಿ ಎಂದು ಹಗ್ಗ ಕಟ್ಟುತ್ತಿದ್ದರು. ಪೋರೂರಿನಲ್ಲಿ ಅವರ ಅಪಾರ್ಟ್‌ಮೆಂಟಿನ ಕೆಲಸದವಳು ಒಂದು ಕೃತಿಯನ್ನು ಬೆಳಿಗ್ಗೆಯೇ ಗುಡಿಸಿ ಹೊರಗೆ ಹಾಕಿ, ಅಮ್ಮಾ ಮನೆ ರೊಂಬ ಕ್ಲೀನ್ ಆಯ್ತು ಎಂದು ಕಾಫಿ ಕೇಳಿದಳು. ಮಂದಕ್ಕ ಕಾಫಿ ಮಾಡಿಕೊಟ್ಟರು.

ಆ ಕಾಲಿನ ಕಥೆಯೂ ಹೀಗೇ ಆಯಿತು. ಅಂಥ ಎರಡು ಮೂರು ಕಾಲು ಕೈಗಳನ್ನು ಸೇರಿಸಿ, ಬಣ್ಣ ಬಳಿದು, ಒಣಗಲು ಬಾಲ್ಕನಿಯಲ್ಲಿ ತೂಗುಹಾಕಿದ್ದರು. ಎದುರು ಮನೆಯವರು ಮಾಟ ಮಂತ್ರ ಎಂದು ಸಂಘದ ಕಾರ್ಯದರ್ಶಿಗೆ ದೂರು ಕೊಟ್ಟರು. ಆದರೆ ಮೂರನೆಯ ಮಹಡಿಯ ಹೆಂಗಸೊಬ್ಬಳು ಬಂದು, ತಾಯಿಯ ಕೈ ವಾಸಿಯಾದರೆ ಅಮ್ಮನವರಿಗೆ ಒಂದು ಕೈ ಒಪ್ಪಿಸುತ್ತೇನೆಂದು ಹರಕೆ ಹೊತ್ತಿದ್ದೇನೆ, ಬೆಳ್ಳಿಯದು ಮಾಡಿಸಲು ಆಗುವುದಿಲ್ಲ, ನಿಮ್ಮಲ್ಲಿ ಇರುವುದರಲ್ಲಿ ಒಂದು ಕೊಡುತ್ತೀರಾ ಎಂದು ಕೇಳಿದಳು. ಮಂದಕ್ಕ ಚೆನ್ನಾಗಿದ್ದ ಕೈಯನ್ನೇ ಆರಿಸಿ ಕೊಟ್ಟರು. ತಮ್ಮ ಕೃತಿಯೊಂದು ನೇರವಾಗಿ ಗರ್ಭಗುಡಿಗೆ ಹೋದದ್ದು ಅದೊಂದೇ ಎಂದು ಆಮೇಲೆ ಬಹಳ ಹೆಮ್ಮೆಪಡುತ್ತಿದ್ದರು.

ಅವರು ಊರಿಗೆ ಮರಳಿದಾಗ ಪತ್ರಿಕೆಯೊಂದು ಅವರ ಬಗ್ಗೆ ಬರೆದಿತ್ತು. ವಿದೇಶದ ಮೋಹ ತೊರೆದು ಜನರ ನಡುವೆ ಕಲೆ ಬಿತ್ತಲು ಬಂದ ಸಾಧಕಿ ಎಂದು. ಅದನ್ನು ನನಗೆ ತೋರಿಸಿ, "ಮೋಹ ನಾನು ತೊರೆದದ್ದಲ್ಲ ಸುಮಾ, ಮೋಹವೇ ನನ್ನನ್ನು ತೊರೆದದ್ದು. ವಿಭಾಗ ಮುಚ್ಚಿದ್ರು" ಅಂದರು. ಕೊನೆಯ ವರ್ಷಗಳಲ್ಲಿ ಅಲ್ಲಿ ಅವರು ಕಲಿಸುತ್ತಿದ್ದ ವಿಷಯ 'ಕಲೆ ಮತ್ತು ಸಮುದಾಯ'. ವಿದ್ಯಾರ್ಥಿಗಳು ಒಂದು ಸಮುದಾಯವನ್ನು ಹುಡುಕಿಕೊಂಡು ಹೋಗಿ ಅದರೊಂದಿಗೆ ಕಲೆ ಮಾಡಬೇಕು. ಆ ಊರಿನಲ್ಲಿ ಸಮುದಾಯ ಸಿಗುವುದೇ ಕಷ್ಟವಾಗಿತ್ತಂತೆ. ಒಮ್ಮೆ ವೃದ್ಧಾಶ್ರಮಕ್ಕೆ ಹೋದರೆ, ಅಲ್ಲಿಯ ಮುದುಕಿಯರು ಬಹಳ ಸಂತೋಷ, ಆದರೆ ನಮಗೆ ಇಸ್ಪೀಟು ಇದೆ, ಪುರುಸೊತ್ತಿಲ್ಲ ಎಂದು ಬಾಗಿಲು ಹಾಕಿಕೊಂಡರಂತೆ. ಮಂದಕ್ಕನ ಪಕ್ಕದ ಮನೆಯವರು ಅವರನ್ನು ಅಷ್ಟು ವರ್ಷಗಳಲ್ಲಿ ಮಾತಾಡಿಸಿದ್ದು, ಇವರು ಒಗ್ಗರಣೆ ಹಾಕಿದಾಗ ಹೊಗೆಯ ಗಂಟೆ ಹೊಡೆದುಕೊಂಡ ದಿನ ಮಾತ್ರ.

ಸಮುದಾಯ ಬೇಕಾದರೆ ಚೆನ್ನೈಯಲ್ಲಿ ಬೇಡವೆಂದರೂ ಮೈಮೇಲೆ ಬೀಳುತ್ತದೆ ಎಂಬುದು ಅವರ ಲೆಕ್ಕಾಚಾರ. ಬಂದ ಹೊಸದರಲ್ಲಿ ಒಂದು ಭಾನುವಾರ ಬೆಸೆಂಟ್ ನಗರದ ಬೀಚಿನಲ್ಲಿ ಉದ್ದನೆಯ ಬಟ್ಟೆ ಹಾಸಿ, ಬಣ್ಣ ಇಟ್ಟು, ಬನ್ನಿ ಎಲ್ಲರೂ ಸೇರಿ ಬರೆಯೋಣ ಎಂದು ಕರೆದರು. ಜನ ಬಂದರು. ಯಾವ ಕಂಪನಿ ಎಂದು ಕೇಳಿದರು. ಯಾವ ಪಕ್ಷ ಎಂದು ಕೇಳಿದರು. ಮಕ್ಕಳು ಕೂತು ಬರೆಯತೊಡಗಿದಾಗ ತಾಯಂದಿರು ಸರ್ಟಿಫಿಕೇಟ್ ಉಂಟೋ ಎಂದು ಕೇಳಿದರು. ಇಲ್ಲ ಎಂದದ್ದೇ ತಡ, ಸಮುದಾಯ ಮರಳು ಕೊಡವಿಕೊಂಡು ಎದ್ದು ಹೋಯಿತು. ಅನಂತರ ಶೋಳಿಂಗನಲ್ಲೂರಿನ ಒಂದು ಕಂಪನಿ ಅವರನ್ನು ಕರೆಸಿತು. ನೌಕರರೆಲ್ಲ ಒಂದೇ ಬಣ್ಣದ ಅಂಗಿ ತೊಟ್ಟು, ಮಂದಕ್ಕ ಗೀಚಿಕೊಟ್ಟ ಗೋಡೆಯ ತಳಭಾಗಕ್ಕೆ ಬಣ್ಣ ಹಚ್ಚಿ, ಫೋಟೋ ತೆಗೆಸಿಕೊಂಡು, ಸ್ಯಾಂಡ್‌ವಿಚ್ ತಿಂದು ಮೇಲಕ್ಕೆ ಹೋದರು. ಗೋಡೆ ಇದ್ದದ್ದು ನೆಲಮಾಳಿಗೆಯ ಪಾರ್ಕಿಂಗಿನಲ್ಲಿ. ಉಳಿದ ಮೇಲ್ಭಾಗವನ್ನು ಮಂದಕ್ಕ ಒಬ್ಬರೇ ಕೈ ಎತ್ತಿ ಎತ್ತಿ ಮುಗಿಸಿದರು. ಹೆಗಲು ಹಿಡಿದದ್ದು ಅಲ್ಲೇ.

"ಸಮುದಾಯಕ್ಕೆ ಹೆಗಲು ಕೊಟ್ಟೆ" ಎಂದು ಅವರು ಕಾಯಿಲೆಯ ಪೂರ್ವಕಥೆ ಹೇಳಿ ಮುಗಿಸಿದರು. "ಹೆಗಲೇ ಹೋಯ್ತು."

ರೋಗಿಯಾಗಿ ಮಂದಕ್ಕ ಪರಮ ಸೋಮಾರಿ. ಮನೆಯಲ್ಲಿ ವ್ಯಾಯಾಮ ಮಾಡುತ್ತಿರಲಿಲ್ಲ, ಮಾಡಿದೆ ಎಂದು ಸುಳ್ಳು ಹೇಳುತ್ತಿದ್ದರು. ಹೆಗಲು ಸುಳ್ಳು ಹೇಳುವುದಿಲ್ಲವಾದ್ದರಿಂದ ಮರುದಿನವೇ ಸಿಕ್ಕಿಬೀಳುತ್ತಿದ್ದರು. ನಮ್ಮ ವ್ಯಾಯಾಮದ ಹಾಲಿನ ಗೋಡೆಯಲ್ಲಿ ಕಚ್ಚು ಕಚ್ಚಾಗಿ ಕೊರೆದ ಮರದ ಪಟ್ಟಿಗಳಿವೆ. ಕೈ ಏಳದವರು ಅದರ ಮೇಲೆ ಬೆರಳುಗಳನ್ನು ಹಲ್ಲಿಯಂತೆ ಒಂದೊಂದೇ ಕಚ್ಚು ಹತ್ತಿಸಬೇಕು, ನೋವಾದಲ್ಲಿ ನಿಲ್ಲಿಸಬೇಕು. ನೋಡಲು ಮಕ್ಕಳಾಟ, ಮಾಡುವವರಿಗೆ ಹಿಮಾಲಯ. ಮೊದಲ ದಿನ ಮಂದಕ್ಕನ ಬೆರಳು ಎದೆಯ ಮಟ್ಟದಲ್ಲಿ ನಿಂತಿತು. ಅವರು ಜೇಬಿನಿಂದ ಮಾತ್ರೆಯ ಬೆಳ್ಳಿ ಕಾಗದವೊಂದನ್ನು ತೆಗೆದು, ನನ್ನ ಟ್ರೇಯಲ್ಲಿದ್ದ ಟೇಪು ಹರಿದು, ಬೆರಳು ನಿಂತ ಜಾಗದ ಪಕ್ಕದಲ್ಲಿ ಗೋಡೆಗೆ ಅಂಟಿಸಿದರು. ಗೋಡೆ ಹಾಳಾಗುತ್ತದೆ ಎಂದು ನಾನು ಗೊಣಗಿದೆ. ಇವತ್ತಿನ ನಾನು ಇಲ್ಲಿವರೆಗೆ, ಅಷ್ಟೇ, ನಾಳೆ ತೆಗೀತೇನೆ ಎಂದರು. ತೆಗೆಯಲಿಲ್ಲ. ಅದರ ಕೂದಲೆಳೆಯಷ್ಟು ಮೇಲೆ ಒಂದು ಬಾಟಲಿ ಮುಚ್ಚಳ ಬಂತು, ಆಮೇಲೆ ಒಂದು ಗುಂಡಿ, ಒಂದು ಹುಣಸೆ ಬೀಜ.

ಪಕ್ಕದ ಸ್ಟೂಲಿನಲ್ಲಿ ಏಳುಮಲೈ ಕೂರುತ್ತಿದ್ದರು. ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಪಾರ್ಶ್ವವಾಯು ಬಡಿದು ಬಲಗೈ ಸೋತಿತ್ತು, ಮಾತು ತುಸು ತೊದಲುತ್ತಿತ್ತು. ತಿಂಗಳುಗಟ್ಟಲೆಯಿಂದ ಸೊಸೆ ಕರೆತಂದು ಕೂರಿಸುತ್ತಿದ್ದಳು, ಅವರು ಕೂತು ಎದ್ದು ಹೋಗುತ್ತಿದ್ದರು. ಕೈಯನ್ನು ಮಡಿಲಲ್ಲಿ ಯಾರೋ ಮರೆತುಹೋದ ಸಾಮಾನಿನಂತೆ ಇಟ್ಟುಕೊಂಡಿರುತ್ತಿದ್ದರು. ನಾನು ಎಷ್ಟು ಹೇಳಿದರೂ ಅದನ್ನು ಎತ್ತುವ ಪ್ರಯತ್ನವನ್ನೇ ಮಾಡುತ್ತಿರಲಿಲ್ಲ. ಒಂದು ದಿನ ಅವರು ಮಂದಕ್ಕನ ಮುಚ್ಚಳ, ಗುಂಡಿಗಳನ್ನು ಬಹಳ ಹೊತ್ತು ನೋಡಿ, ಇದು ಏನು ಎಂದು ತಮಿಳಿನಲ್ಲಿ ಕೇಳಿದರು. ನನ್ನ ಕೈ ಇಷ್ಟು ಹತ್ತಿದೆ ಎಂದು ಮಂದಕ್ಕ ತೋರಿಸಿದರು. ಏಳುಮಲೈ ಎಡಗೈಯನ್ನು ಅಂಗಿ ಜೇಬಿಗೆ ಹಾಕಿ, ಬಂದ ಬಸ್ಸಿನ ಟಿಕೇಟನ್ನು ತೆಗೆದು, ಅಂಟಿಸು ಎಂದು ನನ್ನತ್ತ ಚಾಚಿದರು.

ಮಂದಕ್ಕ ಅದನ್ನು ತಡೆದರು. ಅಂಟಿಸುವುದಾದರೆ ಬಲಗೈಯಿಂದ ನೀವೇ ಅಂಟಿಸಬೇಕು ಎಂದರು.

ಆ ಬೆಳಗಿನ ಹೊತ್ತೆಲ್ಲ ಅದಕ್ಕೇ ಹೋಯಿತು. ಟಿಕೇಟು ಎರಡು ಸಲ ಕೆಳಗೆ ಬಿತ್ತು. ಹಣೆಯಲ್ಲಿ ಬೆವರು, ತುಟಿಯ ಕೊನೆಯಲ್ಲಿ ಜೊಲ್ಲು. ಸೊಸೆ ಎದ್ದು ಬಂದಾಗ ನಾನೇ ಕಣ್ಸನ್ನೆಯಿಂದ ಕೂರಿಸಿದೆ. ಕೊನೆಗೆ ಸೊಂಟದ ಮಟ್ಟದಲ್ಲಿ, ಮಂದಕ್ಕನ ಬೆಳ್ಳಿ ಕಾಗದಕ್ಕಿಂತ ಬಹಳ ಕೆಳಗೆ, ಟಿಕೇಟು ಗೋಡೆಗೆ ಕೂತಿತು. ಏಳುಮಲೈ ಉಸಿರು ಬಿಟ್ಟು, "ನಾಳೈಕ್ಕು ಇನ್ನುಂ ಮೇಲ" ಅಂದರು. ನಾಳೆ ಇನ್ನೂ ಮೇಲೆ.

ಅಲ್ಲಿಂದ ಮುಂದೆ ನಾನೂ ತಡೆಯಲಿಲ್ಲ, ತಡೆದರೂ ನಿಲ್ಲುತ್ತಿರಲಿಲ್ಲ. ಮಾಮಿಯೊಬ್ಬರು ಕನ್ನಡಿಗೆ ಅಂಟಿಸುವಂತೆ ದಿನಕ್ಕೊಂದು ಹಣೆಬೊಟ್ಟು ಅಂಟಿಸಿದರು. ಕಂಪ್ಯೂಟರಿನ ಮುಂದೆ ಕೂತು ಹೆಗಲು ಕೆಡಿಸಿಕೊಂಡ ಹುಡುಗಿ ಗುರುತಿನ ಚೀಟಿಯ ಕ್ಲಿಪ್ಪು ತಂದಳು. ಚಾಕಲೇಟಿನ ಕಾಗದ, ಸೀರೆಯ ಜರಿ, ವಿಭೂತಿಯ ಪೊಟ್ಟಣ, ಬಾಡಿದ ಮಲ್ಲಿಗೆ. ಒಬ್ಬೊಬ್ಬರದೂ ಒಂದೊಂದು ಸಾಲಾಗಿ ಗೋಡೆಯ ಮೇಲೆ ಹತ್ತತೊಡಗಿತು. ಕೆಲವು ಸರಸರನೆ ಏರಿದವು, ಕೆಲವು ಒಂದೇ ಮಟ್ಟದಲ್ಲಿ ಅಡ್ಡಡ್ಡ ಓಡಿ ಆಮೇಲೆ ಮೇಲೆ ತಿರುಗಿದವು, ಒಂದೆರಡು ಇಳಿದವು ಕೂಡ. ವ್ಯಾಯಾಮಕ್ಕೆ ಚಕ್ಕರ್ ಹೊಡೆಯುತ್ತಿದ್ದವರೆಲ್ಲ ಹೊತ್ತಿಗೆ ಮುಂಚೆ ಬರತೊಡಗಿದರು. ಏಳುಮಲೈ ಮೇಲ್ವಿಚಾರಕರಾದರು. ತುದಿಗಾಲಲ್ಲಿ ನಿಂತು ಮೋಸ ಮಾಡುವವರನ್ನು, ಟಿಕೇಟಿಲ್ಲದೆ ಹತ್ತಿದವರನ್ನು ಇಳಿಸುವ ದನಿಯಲ್ಲಿ ಇಳಿಸುತ್ತಿದ್ದರು. ದನಿಯ ತೊದಲು ಎಷ್ಟೋ ಕಡಿಮೆಯಾಗಿತ್ತು.

ಇದೆಲ್ಲ ನೋಡಿ ಮಂದಕ್ಕನಿಗೆ ಸಂತೋಷವಾಗಬೇಕಿತ್ತು. ಅವರಿಗೆ ಕಸಿವಿಸಿಯಾಯಿತು. "ನಾನು ಎಂತ ಮಾಡ್ಲಿಲ್ಲ ಮಾರಾಯ್ತಿ. ಯೋಜನೆ ಇಲ್ಲ, ಭಾಷಣ ಇಲ್ಲ. ಇಷ್ಟು ವರ್ಷ ನಾನು ಕಲಿಸಿದ್ದರಲ್ಲಿ ಇದು ಎಲ್ಲಿಯೂ ಇರ್ಲಿಲ್ಲ" ಎಂದು ಒಂದು ದಿನ ಹೇಳಿದರು. ಜೊತೆಗೆ, ಕಲಾವಿದೆಯ ಕಣ್ಣು ಬೇರೆ. ಆ ಗೋಡೆಯ ಬಣ್ಣಗಳ ಜಗಳ ಅವರಿಗೆ ಸಹಿಸಲು ಆಗುತ್ತಿರಲಿಲ್ಲ. ಯಾರೋ ಒಬ್ಬರು ನೇರಳೆ ಬಣ್ಣದ, ಮಿಂಚು ಹಚ್ಚಿದ ಪ್ಲಾಸ್ಟಿಕ್ ಹೂವನ್ನು ಗೋಡೆಯ ನಟ್ಟನಡುವೆ ಅಂಟಿಸಿದ್ದರು. ಮಂದಕ್ಕ ಎರಡು ದಿನ ಅದರ ಕಡೆ ಬೆನ್ನು ಮಾಡಿ ಕೂತರು. ಮೂರನೆಯ ದಿನ ಹಾಲಿನಲ್ಲಿ ಯಾರೂ ಗಮನಿಸುತ್ತಿಲ್ಲ ಎಂದುಕೊಂಡು ಎಡಗೈಯಿಂದ ಅದನ್ನು ಕಿತ್ತು, ತುಸು ಪಕ್ಕಕ್ಕೆ ಅಂಟಿಸಿ, ಹಿಂದೆ ಸರಿದು, ಕತ್ತು ವಾಲಿಸಿ ನೋಡಿದರು. ನಿಜ ಹೇಳಬೇಕೆಂದರೆ ಅಲ್ಲಿ ಅದು ಚೆನ್ನಾಗಿಯೇ ಕಾಣುತ್ತಿತ್ತು.

"ಅಮ್ಮಾ" ಎಂದು ಹಿಂದಿನಿಂದ ಏಳುಮಲೈ ಕರೆದರು. "ಅದು ಉಂಗಳದು ಇಲ್ಲೈ." ಅದು ನಿಮ್ಮದಲ್ಲ.

ದೇಶ ದೇಶಗಳಲ್ಲಿ ಉಪನ್ಯಾಸ ಕೊಟ್ಟ ಪ್ರಾಧ್ಯಾಪಕಿ ಹೂವನ್ನು ಕಿತ್ತು, ಮೊದಲಿದ್ದಲ್ಲೇ ಅಂಟಿಸಿ, ಮನ್ನಿಚ್ಚುಡುಂಗೊ ಎಂದು ತಮಿಳಿನಲ್ಲಿ ಕ್ಷಮೆ ಕೇಳಿ ಬಂದು ನನ್ನ ಪಕ್ಕ ಕೂತರು. ಆಮೇಲೆ, ನನ್ನ ವಿದ್ಯಾರ್ಥಿಗಳ ಎಷ್ಟು ಹೂವುಗಳನ್ನು ನಾನು ಹೀಗೆ ಪಕ್ಕಕ್ಕೆ ಇಟ್ಟಿದ್ದೇನೋ ಎಂದು ತಮಗೆ ತಾವೇ ಹೇಳಿಕೊಂಡರು.

ಆಡಳಿತಾಧಿಕಾರಿಗಳಿಗೆ ಸುದ್ದಿ ಮುಟ್ಟಿದ್ದು ತಪಾಸಣೆಯವರು ಬರುವ ವಾರ. ಆಸ್ಪತ್ರೆಯ ಗುಣಮಟ್ಟ ನೋಡಿ ಅಂಕ ಕೊಡುವ ತಂಡ. ಆಡಳಿತಾಧಿಕಾರಿಗಳು ಹಾಲಿಗೆ ಬಂದು ಗೋಡೆಯನ್ನು ನೋಡಿ, ಇದು ರೋಗಾಣುಗಳ ಛತ್ರ, ಕೆರೆದು ಬಿಳಿ ಬಣ್ಣ ಹೊಡೆಸಿ ಎಂದು ನನಗೆ ಅಪ್ಪಣೆ ಮಾಡಿ ಹೋದರು. ನಾನು ಮಂದಕ್ಕನಿಗೆ ಹೇಳಿದೆ. ಅವರು, ಬಿಡು, ಇಂಥ ಕಲೆ ಉಳಿಯಬೇಕು ಅಂತ ಮಾಡುವುದಲ್ಲ, ಅದು ನನ್ನ ಪಾಠದ ಮೊದಲನೆಯ ಅಧ್ಯಾಯ ಎಂದು ತತ್ವ ಹೇಳಿದರು. ಹೇಳಿ, ಮನೆಗೆ ಹೋಗುವ ಮೊದಲು ಗೋಡೆಯ ಮುಂದೆ ನಿಂತು, ತಮ್ಮ ಹುಣಸೆ ಬೀಜವನ್ನು ಹೆಬ್ಬೆರಳಿನಿಂದ ಇನ್ನಷ್ಟು ಗಟ್ಟಿಯಾಗಿ ಒತ್ತಿದ್ದನ್ನು ನಾನು ನೋಡಿದೆ.

ಬಣ್ಣದವನು ಬರುವ ಮೊದಲೇ ತಪಾಸಣೆಯವರು ಬಂದುಬಿಟ್ಟರು. ಅವರಲ್ಲೊಬ್ಬರು ಗೋಡೆಯ ಮುಂದೆ ನಿಂತು, ಫೋನಿನಲ್ಲಿ ಹತ್ತಾರು ಫೋಟೋ ತೆಗೆದು, ಇಂಥ ಆರ್ಟ್ ಥೆರಪಿ ನಾನು ಎಲ್ಲೂ ನೋಡಿಲ್ಲ ಎಂದರು. ಅಲ್ಲಿಯವರೆಗೆ ರೋಗಾಣುಗಳ ಛತ್ರವಾಗಿದ್ದದ್ದು ಆ ಕ್ಷಣದಿಂದ ಆಸ್ಪತ್ರೆಯ ಹೆಮ್ಮೆಯಾಯಿತು. ಆಡಳಿತಾಧಿಕಾರಿಗಳು ಮಂದಕ್ಕನ ಹೆಸರನ್ನು ಗೂಗಲ್ಲಿನಲ್ಲಿ ಹುಡುಕಿ ಬೆಚ್ಚಿಬಿದ್ದರು. ಮುಂದಿನ ವಾರ ಬಡಗಿ ಬಂದು ಇಡೀ ಗೋಡೆಗೆ ದಪ್ಪ ಗಾಜು ಕೂರಿಸಿ, ಮೂಲೆಗಳಿಗೆ ಹಿತ್ತಾಳೆಯ ತಿರುಪು ಬಿಗಿದ. ಗಾಜಿನ ಮೇಲೆ ಇಂಗ್ಲಿಷಿನಲ್ಲಿ ಒಂದು ಫಲಕ: ಮಂದಕ್ಕನ ಹೆಸರು, ಫ್ರಿಜ್ಜಿನ ಕಾಲೇಜಿನ ಹೆಸರು, ಬಿರುದುಗಳು. ದೀಪ ಹಚ್ಚಿದರು, ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು. ಮಂದಕ್ಕ ಹಾರದೊಳಗೆ ಕೂತು ಫೋಟೋ ತೆಗೆಸಿಕೊಂಡರು. ರೋಗಿಗಳೆಲ್ಲ ಬಾಗಿಲ ಬಳಿ ನಿಂತಿದ್ದರು. ಕೈ ಸರಿಯಾದವರಿಗೆಲ್ಲ ಶಾಲು ಕೊಡುತ್ತಾರಾ ಎಂದು ಮಾಮಿ ನನ್ನನ್ನು ಕೇಳಿದರು.

ಮರುದಿನ ಏಳುಮಲೈ ಎಂದಿನಂತೆ ಟಿಕೇಟು ಹಿಡಿದುಕೊಂಡು ಬಂದರು. ಅಷ್ಟರಲ್ಲಿ ಅವರ ಟಿಕೇಟುಗಳು ಸೊಂಟ ಬಿಟ್ಟು ಎದೆಗೆ ಏರಿದ್ದವು. ಬಲಗೈಯನ್ನು ನಿಧಾನವಾಗಿ ಎತ್ತಿದರು. ಕೊನೆಯ ಟಿಕೇಟಿಗಿಂತ ಒಂದು ಬೆರಳು ಮೇಲಕ್ಕೆ ಹೋದ ಕೈ ಗಾಜಿಗೆ ತಾಗಿ ಜಾರಿತು. ಇನ್ನೊಮ್ಮೆ ಎತ್ತಿದರು, ಮತ್ತೆ ಜಾರಿತು. ಟಿಕೇಟನ್ನು ಜೇಬಿಗೆ ಹಾಕಿಕೊಂಡು ಸ್ಟೂಲಿನ ಮೇಲೆ ಕೂತರು. ಗಾಜು ತೆಗೆಯುವುದಿಲ್ಲವಾ ಎಂದು ಕೇಳಿದರು. ಇಲ್ಲವಂತೆ ಎಂದೆ. ಹಾಗಾದರೆ ನನ್ನ ಕೈ ಅಲ್ಲಿಗೇ ನಿಂತಿತು ಎಂದು ಬರೆದಿಟ್ಟ ಹಾಗಾಯಿತಲ್ಲಮ್ಮಾ ಎಂದರು. ಮುನಿಸಿನಿಂದ ಅಲ್ಲ, ಕೊನೆಯ ಸ್ಟಾಪ್ ಬಂತು ಎಂದು ತಿಳಿಸುವಂತೆ. ಅವತ್ತು ವ್ಯಾಯಾಮ ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ. ಕೈ ಮತ್ತೆ ಮಡಿಲಿಗೆ ಇಳಿಯಿತು.

ನಾನು ಆಡಳಿತಾಧಿಕಾರಿಗಳ ಕೋಣೆಗೆ ಹೋಗಿ ಕೇಳಿಕೊಂಡೆ. ಅಂತರರಾಷ್ಟ್ರೀಯ ಮಟ್ಟದ ಕಲಾಕೃತಿ, ಪೇಷಂಟುಗಳು ಮುಟ್ಟಿದರೆ ಹಾಳಾಗುತ್ತದೆ ಎಂದು ಅವರು ನನಗೇ ತಿಳಿಹೇಳಿದರು. ಅದನ್ನು ಮಾಡಿದವರೇ ಆ ಪೇಷಂಟುಗಳು ಎಂದೆ. ನಕ್ಕು ಕಳಿಸಿದರು.

ಮಂದಕ್ಕನಿಗೆ ಇದನ್ನೆಲ್ಲ ಹೇಳಿದಾಗ ಅವರು ಮೇಣದ ಶಾಖ ತೆಗೆದುಕೊಳ್ಳುತ್ತ ಕೂತಿದ್ದರು. ಸ್ವಲ್ಪ ಯೋಚಿಸಿ, ಆಡಳಿತಾಧಿಕಾರಿಗಳ ನಂಬರು ಒತ್ತಲು ಹೇಳಿ ನನ್ನ ಫೋನನ್ನು ಎಡಗೈಗೆ ತೆಗೆದುಕೊಂಡರು. ಆಮೇಲೆ ಅವರ ಬಾಯಿಂದ ಹೊರಟ ಇಂಗ್ಲಿಷನ್ನು ನಾನು ಅವತ್ತಿನವರೆಗೆ ಕೇಳಿರಲಿಲ್ಲ. ಪ್ರತಿ ಪದಕ್ಕೂ ಇಸ್ತ್ರಿ ಹಾಕಿದಂಥ, ಮೂಗಿನ ತುದಿಯಿಂದ ತಣ್ಣಗೆ ಬೀಳುವ, ಪಕ್ಕಾ ಫ್ರಿಜ್ಜಿನ ಇಂಗ್ಲಿಷು. ಈ ಕೃತಿಯ ಹೆಸರೇ 'ಮುಗಿಯದ ಗೋಡೆ' ಎಂದರು. ಆ ಹೆಸರು ಹುಟ್ಟಿದ್ದು ಆಗಲೇ. ಈ ಬಗೆಯ ಕೃತಿ ಉಸಿರಾಡಬೇಕು, ಗಾಜಿನೊಳಗೆ ಬೆವರು ಕಟ್ಟಿ ಬೂಸಲು ಹಿಡಿಯುತ್ತದೆ, ಪ್ರೇಕ್ಷಕರು ದಿನವೂ ಸೇರಿಸದಿದ್ದರೆ ಅದರ ಬೆಲೆಯೇ ಹೋಗುತ್ತದೆ, ವಿದೇಶದಿಂದ ನನ್ನ ಸಹೋದ್ಯೋಗಿಗಳು ನೋಡಲು ಬಂದರೆ ಗಾಜು ಕಂಡು ನಗುತ್ತಾರೆ ಎಂದರು. ಈ 'ನಗುತ್ತಾರೆ' ಎನ್ನುವ ಪದಕ್ಕೆ ಆಚೆ ಕಡೆಯಿಂದ ಗಾಬರಿಯ ಸದ್ದು ಬಂತು.

ಮಧ್ಯಾಹ್ನದ ಊಟ ಮುಗಿಯುವುದರೊಳಗೆ ಬಡಗಿ ಬಂದು ತಿರುಪು ಬಿಚ್ಚಿದ. ಫಲಕ ಗಾಜಿಗೇ ಅಂಟಿದ್ದರಿಂದ ಅದೂ ಗಾಜಿನ ಜೊತೆ ಉಗ್ರಾಣಕ್ಕೆ ಹೋಯಿತು. ನಿಮ್ಮ ಹೆಸರನ್ನು ಬೇರೆ ಹಾಕಿಸಲೇ ಎಂದು ನಾನು ಮಂದಕ್ಕನನ್ನು ಕೇಳಿದೆ. "ಇಪ್ಪತ್ತು ವರ್ಷ ಅಲ್ಲಿ ಕಲಿಸಿದ್ದು ಇವತ್ತು ಒಂದು ಉಪಯೋಗಕ್ಕೆ ಬಂತು ನೋಡು" ಅಂದರು. ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು. ಅದು ಹೆಗಲಿನ ನೋವಿಗೆ ಎಂದು ಹೇಳಿದರು.

ಹೆಗಲು ವಾಸಿಯಾಗುವುದು ಅವರಿಗೆ ಇಷ್ಟವಿರಲಿಲ್ಲ ಎಂದು ನನಗೆ ಆಮೇಲೆ ಅನ್ನಿಸಿತು. ಕೈ ಪೂರ್ತಿ ಎದ್ದ ದಿನ, ಇನ್ನು ಬರಬೇಕಾಗಿಲ್ಲ ಎಂದು ನಾನು ಹೇಳಿದಾಗ, ಸ್ವಲ್ಪ ನೋವು ಬಾಕಿ ಉಂಟು ಅಂತ ಬರಿ ಮಾರಾಯ್ತಿ ಎಂದು ಚೌಕಾಸಿ ಮಾಡಿದರು. ಆಮೇಲೂ ಕೆಲವು ದಿನ ಸುಮ್ಮನೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಆದರೆ ಏಳುಮಲೈ ಅವರ ರಾಜ್ಯದಲ್ಲಿ ಸುಮ್ಮನೆ ಕೂರುವಂತಿರಲಿಲ್ಲ. ವ್ಯಾಯಾಮವಿಲ್ಲದವರು ಜಾಗ ಬಿಡಿ, ನಿಂತವರಿದ್ದಾರೆ ಎಂದು ಅವರನ್ನು ಎಬ್ಬಿಸಿಬಿಟ್ಟರು.

ಪೋರೂರಿನ ಬಾಡಿಗೆ ಮನೆ ಬಿಟ್ಟು ಅವರು ಬೆಸೆಂಟ್ ನಗರದಲ್ಲಿದ್ದ ಒಡಹುಟ್ಟಿದ ತಮ್ಮ ಶ್ರೀಪತಿಯವರ ಮನೆಗೆ ಹೋದರು. ಒಂದು ಭಾನುವಾರ ನಾನು ಹೋದಾಗ ಬನ್ಸ್ ಕರಿದು ಕಾಫಿ ಕೊಟ್ಟರು. ವಿದೇಶದ ಪತ್ರಿಕೆಯೊಂದು ಆ ಗೋಡೆಯ ಬಗ್ಗೆ ಲೇಖನ ಕೇಳಿತ್ತಂತೆ. ಬರೆಯಲು ಕೂತಾಗಲೆಲ್ಲ ಮೊದಲ ವಾಕ್ಯ 'ನಾನು' ಎಂದೇ ಶುರುವಾಗುತ್ತದೆ, ಅದಕ್ಕೇ ಹರಿದು ಹಾಕುತ್ತಿದ್ದೇನೆ ಎಂದರು. ತಮ್ಮ ಬಗ್ಗೆ ಹೇಳಿದ್ದು ಅಷ್ಟೇ. ಉಳಿದದ್ದೆಲ್ಲ ನಮ್ಮ ವ್ಯಾಯಾಮದ ಹಾಲಿನ ವಿಚಾರ.

"ಏಳುಮಲೈ ಎಲ್ಲಿವರೆಗೆ ಬಂದ್ರು?"

"ಕಿವಿ ಹತ್ರ ಬಂದಿದಾರೆ ಮಂದಕ್ಕ."

"ನನ್ನ ಹುಣಸೆ ಬೀಜಕ್ಕಿಂತ ಮೇಲಾ?"

ಮೇಲೆ ಎಂದೆ. ಅವರ ಮುಖದಲ್ಲಿ ಅಪ್ಪಟ ಹೊಟ್ಟೆಕಿಚ್ಚು ಕಂಡಿತು. ಗೋಡೆಯ ಮೇಲೆ ಏನೇನು ಹೊಸದು ಬಂದಿದೆ ಎಂದು ಒಂದೊಂದಾಗಿ ಕೇಳಿದರು. ಹೊರಡುವಾಗ ರಸ್ತೆಯವರೆಗೆ ಬಂದು, ನಾನು ಬೇಡವೆಂದರೂ ನನಗಾಗಿ ಆಟೋ ನಿಲ್ಲಿಸಿದರು. ಬಲಗೈಯನ್ನು ಎತ್ತಿ, ಬೀಸಿ, ಕರೆದರು. ತೋಳು ಕಿವಿಗೆ ತಾಗುವಷ್ಟು ನೇರ, ಎಲ್ಲೂ ತಡೆಯಿಲ್ಲದೆ. ಬೇರೆಯವರಿಗಾದರೆ ಅದು ಆಟೋ ಕರೆಯುವ ಕೈ. ನನಗೆ ಆ ಕೈ ಏನೆಂದು ಗೊತ್ತಿದ್ದುದರಿಂದ ಆಟೋ ತಿರುಗುವವರೆಗೂ ಹಿಂದಕ್ಕೆ ನೋಡುತ್ತಿದ್ದೆ. ಮತ್ತೆ ಅವರನ್ನು ನೋಡಲಿಲ್ಲ.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಶ್ರೀಪತಿಯವರು ಫೋನ್ ಮಾಡಿದರು. ಮಂದಕ್ಕನಿಗೆ ಹೃದಯಾಘಾತ, ನಿದ್ದೆಯಲ್ಲೇ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪತ್ರಿಕೆಯಲ್ಲಿ ಚೆನ್ನಾಗಿಯೇ ಬರೆದಿದ್ದರು. ಯಾವ ಯಾವ ದೇಶದಲ್ಲಿ ಪ್ರದರ್ಶನ, ಯಾವ ಯಾವ ಗೌರವ, ಎಷ್ಟು ಶಿಷ್ಯರು. ಕೊನೆಯ ಸಾಲಿನಲ್ಲಿ, ಚೆನ್ನೈಗೆ ಮರಳಿದ ಬಳಿಕ ಅನಾರೋಗ್ಯದ ಕಾರಣ ಅವರಿಗೆ ಹೆಚ್ಚಿನ ಕೆಲಸ ಮಾಡಲಾಗಲಿಲ್ಲ ಎಂದಿತ್ತು.

ಪೇಪರನ್ನು ಹಾಲಿಗೆ ತೆಗೆದುಕೊಂಡು ಹೋದೆ, ಏಳುಮಲೈಗೆ ತೋರಿಸೋಣವೆಂದು. ಅಲ್ಲಿ ಹೊಸಬನೊಬ್ಬ ಬಂದು ಕೂತಿದ್ದ. ಮುರಿದ ತೋಳು ಕೂಡಿಕೊಂಡು ಈಗ ಬಗ್ಗದಾಗಿತ್ತು. ಗೋಡೆಯನ್ನು ಮೇಲಿನಿಂದ ಕೆಳಗೆ ನೋಡುತ್ತಿದ್ದವನು, ಇದನ್ನು ಯಾರು ಶುರು ಮಾಡಿದ್ದು ಎಂದು ಕೇಳಿದ. ನಾನು ಪೇಪರು ಬಿಚ್ಚುವಷ್ಟರಲ್ಲಿ ಏಳುಮಲೈ ಉತ್ತರ ಕೊಟ್ಟಾಗಿತ್ತು. ಒಬ್ಬ ಅಮ್ಮ ಬರುತ್ತಿದ್ದರು, ಹೋಟೆಲಿನವರ ಮಗಳು. ಪಾಪ, ಬಹಳ ಕೈ ನೋವಿತ್ತು ಅವರಿಗೆ. ಹೊತ್ತು ಹೋಗಲಿ ಅಂತ ಏನೋ ಅಂಟಿಸುತ್ತಿದ್ದರು. ಸರಿಯಾಯಿತು, ಹೋದರು.

ಹೊಸಬ ಇನ್ನೇನೋ ಕೇಳಲು ಬಾಯಿ ತೆರೆದ. ಏಳುಮಲೈ ಕೇಳಿಸಿಕೊಳ್ಳಲಿಲ್ಲ.

"ಅದೆಲ್ಲಾಂ ಅಪ್ಪುರಂ," ಅಂದರು. ಅದೆಲ್ಲ ಆಮೇಲೆ. "ಮೊದಲ್ಲ ಕೈಯ ತೂಕ್ಕು."

ಅವನು ಕೈ ಎತ್ತಿದ. ನಾನು ಪೇಪರನ್ನು ಮಡಚಿಟ್ಟು ಟೇಪು ತರಲು ಹೋದೆ.